ಕೊಯ್ಲಿನ ತಿಂಗಳಲ್ಲಿ ಬೇಸಿಗೆಯ ಅರ್ಜಿ

ನಮ್ಮ ಮನೆಯಲ್ಲಿ ನವೆಂಬರ್ ಎಂದರೆ ಯಾರಿಗೂ ಪುರುಸೊತ್ತಿಲ್ಲದ ತಿಂಗಳು. ಆಲ್ದೂರಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮ ಮೂರು ಎಕರೆ ತೋಟದಲ್ಲಿ ಅರೇಬಿಕಾ ಹಣ್ಣಾಗತೊಡಗುವುದು ಆಗಲೇ. ಕೆಲಸದವರು ಸಿಕ್ಕರೆ ಅವರೊಂದಿಗೆ, ಸಿಗದಿದ್ದರೆ ನಾವೇ, ಮಂಜು ಆರುವ ಮೊದಲೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡಗಳ ಸಾಲಿಗೆ ಇಳಿಯಬೇಕು. ಮುಂದಿನ ಬೇಸಿಗೆಯಲ್ಲಿ ಏನು ಮಾಡುವುದೆಂದು ಆ ತಿಂಗಳಲ್ಲಿ ಯೋಚಿಸುವ ಮನೆ ನಮ್ಮ ಕಡೆ ಒಂದೂ ಇರಲಾರದು. ಆದರೆ ರಸಾಯನಶಾಸ್ತ್ರ ಓದುವ ಪದವಿ ವಿದ್ಯಾರ್ಥಿ ಬೇಸಿಗೆಯ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಫೆಲೋಶಿಪ್ ಪಡೆದು ಕೆಲಸ ಮಾಡಬೇಕೆಂದರೆ, ಅರ್ಜಿ ಹಾಕಬೇಕಾದದ್ದು ಹೆಚ್ಚುಕಡಿಮೆ ಅದೇ ತಿಂಗಳಲ್ಲಿ. ಇಷ್ಟು ಸಣ್ಣ ಸಂಗತಿ ನನ್ನ ಕಿವಿಗೆ ಬೀಳಲು ಪದವಿ ಸೇರಿ ಒಂದು ವರ್ಷ ಕಳೆಯಬೇಕಾಯಿತು.

ನಾನು ಎರಡನೇ ಪಿಯುಸಿ ಮುಗಿಸಿದ್ದು 2021ರಲ್ಲಿ. ಮುಗಿಸಿದೆ ಎನ್ನುವುದಕ್ಕಿಂತ ಮುಗಿಯಿತು ಎನ್ನಬೇಕು. ಕೊರೊನಾ ಕಾರಣಕ್ಕೆ ಆ ವರ್ಷ ಪರೀಕ್ಷೆಯೇ ರದ್ದಾಗಿ, ಎಸ್ಸೆಸ್ಸೆಲ್ಸಿ ಅಂಕಕ್ಕೆ ಶೇ 45, ಪ್ರಥಮ ಪಿಯುಸಿ ಅಂಕಕ್ಕೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಎಂದು ತೂಕ ಹಾಕಿ ಫಲಿತಾಂಶ ಕೊಟ್ಟರು. ಕನ್ನಡ ಮಾಧ್ಯಮದಿಂದ ಹೋದ ನಾನು ಪ್ರಥಮ ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕಗಳೊಂದಿಗೆ ಗುದ್ದಾಡಿ ಗಳಿಸಿದ್ದ ಅಂಕಗಳು, ಇವನ್ನು ಯಾರೂ ಕೇಳುವುದಿಲ್ಲ ಎಂದುಕೊಂಡು ಮರೆತೇಬಿಟ್ಟಿದ್ದ ಅಂಕಗಳು, ಎದ್ದು ಬಂದು ಎದುರಿಗೆ ನಿಂತವು. ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ 600ಕ್ಕೆ 600 ಪಡೆದ ವರ್ಷ ಅದು. ನನ್ನದು ಅದರ ಹತ್ತಿರಕ್ಕೂ ಸುಳಿಯಲಿಲ್ಲ.

ಅದರಿಂದ ಆದ ನಷ್ಟ ತಿಳಿದದ್ದು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಸೇರಿದ ಮೇಲೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೊಡುವ ಇನ್‌ಸ್ಪೈರ್ ವಿದ್ಯಾರ್ಥಿವೇತನ ಮೂಲ ವಿಜ್ಞಾನ ಓದುವವರಿಗೇ ಮೀಸಲು. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಯ ಖರ್ಚಿಗೆ, ಉಳಿದ 20,000 ಬೇಸಿಗೆಯಲ್ಲಿ ಒಬ್ಬ ಸಂಶೋಧಕರ ಕೈಕೆಳಗೆ ಮಾಡುವ ಯೋಜನೆಗೆ. ಆದರೆ ಮುಖ್ಯ ದಾರಿಯಲ್ಲಿ ಹೋಗಬೇಕಾದರೆ ಹನ್ನೆರಡನೇ ತರಗತಿಯಲ್ಲಿ ನಮ್ಮ ಮಂಡಳಿಯ ಮೇಲಿನ ಶೇ 1ರೊಳಗೆ ಇರಬೇಕು. ನಮ್ಮ ತರಗತಿಯ ಒಬ್ಬಳಿಗೆ ಅದು ಬಂತು. ಅವಳ ತಂದೆ ಬಸ್ ನಿಲ್ದಾಣದ ಬಳಿ ಸೈಕಲ್ ರಿಪೇರಿ ಮಾಡುತ್ತಾರೆ. ಆ ಹಣ ಅವರ ಮನೆಯನ್ನು ಹೇಗೆ ಎತ್ತಿ ನಿಲ್ಲಿಸಿತೆಂದು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಅರ್ಧ ಸತ್ಯ ಮಾತ್ರ. ಇನ್ನೊಂದು ಬಾಗಿಲೂ ನನ್ನ ಕಣ್ಣೆದುರೇ ಮುಚ್ಚಿತು. 1999ರಿಂದ ನಡೆದುಬಂದಿದ್ದ ವಿಜ್ಞಾನ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆಯನ್ನು 2022ರಲ್ಲಿ ನಿಲ್ಲಿಸಿ ಇನ್‌ಸ್ಪೈರ್ ಜೊತೆ ಸೇರಿಸಿದರು.

ಉಳಿದದ್ದು ರಾಜ್ಯದ ವಿದ್ಯಾರ್ಥಿವೇತನಗಳು. ಹಾಸ್ಟೆಲ್ ಸೀಟು ಸಿಗದ ಕಾರಣ ವಿದ್ಯಾಸಿರಿಗೆ ಅರ್ಜಿ ಹಾಕಿದೆ. ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಅಪ್ಪನ ಹೆಸರಿನಲ್ಲಿ ಪಹಣಿ ಇದ್ದುದರಿಂದ ರೈತ ವಿದ್ಯಾನಿಧಿಯೂ ಇತ್ತು. ಆಗ ಬಿ.ಎಸ್ಸಿ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಕಂಪ್ಯೂಟರಿನಲ್ಲಿ ಎರಡೂ ಮಂಜೂರಾಗಿದ್ದವು. ಖಾತೆಯಲ್ಲಿ ಮಾತ್ರ ಹಣವಿರಲಿಲ್ಲ. ಕಾಲೇಜಿನ ಕಚೇರಿಗೆ ಹೋದರೆ ಬ್ಯಾಂಕಿಗೆ ಹೋಗು ಎಂದರು, ಬ್ಯಾಂಕಿಗೆ ಹೋದರೆ ಇಲಾಖೆಗೆ ಹೋಗು ಎಂದರು, ಇಲಾಖೆಯವರು ಹಣ ಜಮೆ ಆಗಿದೆಯಲ್ಲ ಎಂದು ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ಜಮೆ ಆಗಿದ್ದು ನಿಜ. ಐದನೇ ತರಗತಿಯಲ್ಲಿದ್ದಾಗ ಯಾವುದೋ ಸಮವಸ್ತ್ರದ ಹಣಕ್ಕೆಂದು ತೆರೆಸಿದ್ದ, ನಾನೂ ಅಮ್ಮನೂ ಮರೆತುಹೋಗಿದ್ದ ಖಾತೆಗೆ. ನೇರ ನಗದು ವರ್ಗಾವಣೆಯ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಬರುವುದಿಲ್ಲ, ಆಧಾರ್ ಸಂಖ್ಯೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ ಹೋಗುತ್ತದೆ. ಇಷ್ಟನ್ನು ಒಬ್ಬರು ಮೊದಲೇ ಹೇಳಿದ್ದರೆ ನನ್ನ ಏಳು ದಿನದ ತರಗತಿಯೂ ಏಳು ಸಲದ ಬಸ್ ಚಾರ್ಜೂ ಉಳಿಯುತ್ತಿದ್ದವು.

ಮೊದಲ ವರ್ಷ ಹೀಗೆ ಕೌಂಟರುಗಳ ಮುಂದೆಯೇ ಹೋಯಿತು. ವಿದ್ಯಾರ್ಥಿವೇತನ ಎಂದರೆ ನನಗೆ ಶುಲ್ಕ, ಬಾಡಿಗೆ, ಬಸ್ ಪಾಸ್ ಅಷ್ಟೇ. ಒಂದು ಪ್ರಯೋಗ ಮಾಡಲಿಕ್ಕೆಂದೇ ಯಾರಾದರೂ ನನಗೆ ಹಣ ಕೊಡಬಹುದು ಎಂಬ ಕಲ್ಪನೆಯೇ ಇರಲಿಲ್ಲ. ಆ ಕಲ್ಪನೆ ಕೊಟ್ಟವರು ನಮಗೆ ಭೌತ ರಸಾಯನಶಾಸ್ತ್ರ ಹೇಳುತ್ತಿದ್ದ ಅತಿಥಿ ಉಪನ್ಯಾಸಕರು. ಎರಡನೇ ವರ್ಷದ ಆರಂಭದಲ್ಲಿ, ಪ್ರಯೋಗಾಲಯದಲ್ಲಿ ದ್ರಾವಣ ಅಳೆಯುವ ಗಾಜಿನ ಕೊಳವೆ ಬ್ಯುರೆಟ್ ತೊಳೆಯುತ್ತಿದ್ದಾಗ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬಗ್ಗೆ ಹೇಳಿದರು. ಸಿ.ಎನ್.ಆರ್. ರಾವ್ ಕಟ್ಟಿದ ಆ ಕೇಂದ್ರದಲ್ಲಿ ಬಿ.ಎಸ್ಸಿ. ಮೊದಲ ವರ್ಷದವರನ್ನೇ ಆರಿಸಿಕೊಂಡು, ಮೂರು ಬೇಸಿಗೆ ಸತತವಾಗಿ ಸಂಶೋಧನೆ ಕಲಿಸಿ, ರಸಾಯನಶಾಸ್ತ್ರದಲ್ಲಿ ಡಿಪ್ಲೊಮಾ ಕೊಡುವ ಕಾರ್ಯಕ್ರಮವೊಂದಿದೆಯಂತೆ. ಆರಿಸುವುದು ಬೆರಳೆಣಿಕೆಯ ಮಂದಿಯನ್ನು. ನಾನು ಬ್ಯುರೆಟ್ ಕೆಳಗಿಟ್ಟು, "ಸರ್, ನಾನೀಗ ಎರಡನೇ ವರ್ಷ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಹೌದಲ್ಲ, ನಾನು ಈ ಕಾಲೇಜಿಗೆ ಬಂದದ್ದೇ ಈ ವರ್ಷ" ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಎರಡನೇ ವರ್ಷದವರಿಗೆ ಇರುವ ದಾರಿಗಳನ್ನೂ ಅವರೇ ತೋರಿಸಿದರು. ಅವುಗಳಲ್ಲಿ ದೊಡ್ಡದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. 1934ರಲ್ಲಿ ಸಿ.ವಿ. ರಾಮನ್ ಸ್ಥಾಪಿಸಿದ ಬೆಂಗಳೂರಿನ ಅಕಾಡೆಮಿ, ದೆಹಲಿಯದೊಂದು, ಪ್ರಯಾಗರಾಜದ್ದೊಂದು. ಆಯ್ಕೆಯಾದರೆ ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಎರಡು ತಿಂಗಳ ಕೆಲಸ, ಜೊತೆಗೆ ತಿಂಗಳ ಫೆಲೋಶಿಪ್, ರೈಲಿನ ಖರ್ಚು. ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಅಂಕಪಟ್ಟಿ, ಒಬ್ಬ ಅಧ್ಯಾಪಕರ ಶಿಫಾರಸು ಪತ್ರ, ಮತ್ತು ನೀನು ಏನು ಮಾಡಬೇಕೆಂದಿದ್ದೀಯ ಎಂಬ ಬಗ್ಗೆ 250 ಪದಗಳೊಳಗಿನ ಒಂದು ಬರಹ. ಜಕ್ಕೂರಿನ ಕೇಂದ್ರದಲ್ಲಿಯೂ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಪ್ರತ್ಯೇಕವಾಗಿದೆ. ಅದಕ್ಕೂ ಹಾಕಿದೆ, ಸಿಗಲಿಲ್ಲ. ಅದೇ ದಿನಗಳಲ್ಲಿ ಎಂಟು ಸಾವಿರ ಕಟ್ಟಿದರೆ ಮನೆಯಲ್ಲೇ ಕುಳಿತು ಸಂಶೋಧನಾ ಪ್ರಮಾಣಪತ್ರ ಪಡೆಯಬಹುದೆಂದು ಯಾವುದೋ ಖಾಸಗಿಯವರಿಂದ ಮೊಬೈಲಿಗೆ ಸಂದೇಶ ಬಂದಿತ್ತು. ಸರ್‌ಗೆ ತೋರಿಸಿದೆ. "ಕೆಲಸ ಕಲಿಸುವವರು ನಿನಗೆ ಹಣ ಕೊಡುತ್ತಾರೆ, ಕಾಗದ ಮಾರುವವರು ನಿನ್ನಿಂದ ಕೇಳುತ್ತಾರೆ" ಎಂದು ಮೊಬೈಲು ವಾಪಸು ಕೊಟ್ಟರು.

ಆ 250 ಪದಗಳ ಬರಹದಷ್ಟು ನನ್ನನ್ನು ಸತಾಯಿಸಿದ್ದು ಬೇರೇನೂ ಇಲ್ಲ. ಮೊದಲ ಕರಡನ್ನು ಒಂದೇ ರಾತ್ರಿಯಲ್ಲಿ ಬರೆದೆ. ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ ಎಂದು ಶುರುವಾಗಿ, ದೇಶಸೇವೆಯ ಮೂಲಕ ಹಾದು, ನ್ಯಾನೊ ತಂತ್ರಜ್ಞಾನದಿಂದ ಕ್ಯಾನ್ಸರ್ ಗುಣಪಡಿಸುವಲ್ಲಿಗೆ ಮುಗಿದಿತ್ತು. ಸರ್ ಓದಿ, ಮೊದಲ ವಾಕ್ಯದ ಕೆಳಗೆ ಗೆರೆ ಎಳೆದು, "ಬಾಲ್ಯದಲ್ಲಿ ನೀನು ನಿಜವಾಗಿ ಏನು ಮಾಡುತ್ತಿದ್ದೆ?" ಎಂದು ಕೇಳಿದರು. ಕಾಫಿ ಹಣ್ಣು ಕೊಯ್ಯುತ್ತಿದ್ದೆ, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ನೀರು ಬಿಡುತ್ತಿದ್ದೆ ಎಂದೆ. "ಆ ನೀರು ಎಲ್ಲಿಗೆ ಹೋಗುತ್ತದೆ?"

ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ, ಯಾರೂ ಜೋರಾಗಿ ಹೇಳದ ಸಂಗತಿ. ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ ಇರುತ್ತದೆ, ಪೆಕ್ಟಿನ್ ಇರುತ್ತದೆ. ಎರಡು ದಿನ ನಿಂತರೆ ಹುಳಿಯಾಗಿ ನಾತ ಹೊಡೆಯುತ್ತದೆ. ಪಾಲಿಫಿನಾಲ್‌ಗಳು ಗಾಳಿಗೆ ಉತ್ಕರ್ಷಣಗೊಂಡು ನೀರು ಕಪ್ಪಿಡುತ್ತದೆ. ದೊಡ್ಡ ಎಸ್ಟೇಟುಗಳಲ್ಲಿ ಹೊಂಡ, ಸುಣ್ಣ, ಶುದ್ಧೀಕರಣ ಎಂದೆಲ್ಲ ಇರುತ್ತದೆ. ನಮ್ಮಂಥವರ ತೋಟದಲ್ಲಿ ಒಂದು ಗುಂಡಿ. ಮುಂದಿನ ಶನಿವಾರ ಕಾಲೇಜಿನಿಂದ ಹುಳಿ ಅಳೆಯುವ ಪಿಎಚ್ ಕಾಗದದ ಒಂದು ಪುಟ್ಟ ಸುರುಳಿ ಕೇಳಿಕೊಂಡು ಹೋಗಿ ನಮ್ಮದೇ ಗುಂಡಿಗೆ ಅದ್ದಿದೆ. ಕಾಗದ ಕಿತ್ತಳೆ ಬಣ್ಣಕ್ಕೆ ತಿರುಗಿತು. ಪಕ್ಕದ ಹೋಲಿಕೆ ಪಟ್ಟಿಯಲ್ಲಿ ಅದು 4ರ ಹತ್ತಿರ; 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಅಪ್ಪ ಗುಂಡಿಯ ದಂಡೆಯ ಮೇಲೆ ನಿಂತು ನೋಡುತ್ತಿದ್ದರು. "ಎಷ್ಟು ಮಾರ್ಕ್ಸು ಬಂತು ನಮ್ಮ ಗುಂಡಿಗೆ?" ಎಂದು ಕೇಳಿದರು. ಫೇಲು ಎಂದೆ.

ಎರಡನೇ ಕರಡು ಆ ಗುಂಡಿಯಿಂದಲೇ ಶುರುವಾಯಿತು. ನೀರಿನ ಹುಳಿಯನ್ನು ಸುಣ್ಣದಿಂದ ಸರಿಪಡಿಸಬಹುದು, ಬಣ್ಣವನ್ನು ಏನು ಮಾಡುವುದು? ಸೂಕ್ಷ್ಮ ರಂಧ್ರಗಳಿರುವ ಇಂಗಾಲದ ಮೇಲೆ ಅದು ಅಂಟಿಕೊಳ್ಳಬಹುದೇ? ಎಷ್ಟು ಅಂಟುತ್ತದೆ ಎಂದು ಅಳೆಯುವುದು ಹೇಗೆ? ಹೀಗೆ ಮೇಲ್ಮೈಗೆ ಅಂಟುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ; ಆ ಪಾಠದಲ್ಲಿ, ಅಂಟುವ ಪ್ರಮಾಣವನ್ನು ಹೇಳುವ ಲ್ಯಾಂಗ್‌ಮ್ಯುರ್ ಸಮೀಕರಣವನ್ನು ಬಾಯಿಪಾಠ ಮಾಡಿದ್ದೆ. ಅದನ್ನು ನಿಜವಾದ ದ್ರಾವಣದ ಮೇಲೆ ಒಮ್ಮೆಯಾದರೂ ಪ್ರಯೋಗಿಸಿ ನೋಡಬೇಕು ಎಂದು ಬರೆದೆ. ಇಂಗ್ಲಿಷ್‌ನಲ್ಲಿ ಬರೆಯಬೇಕಾದ್ದರಿಂದ ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಆ ಕಡೆಗೆ ಸಾಗಿಸಿದೆ. ಏಳು ಕರಡುಗಳಾದವು. ಕೊನೆಯದರಲ್ಲಿ 231 ಪದಗಳಿದ್ದವು. ಉಳಿದ ಹತ್ತೊಂಬತ್ತರಲ್ಲಿ ಏನಾದರೂ ತುರುಕೋಣವೇ ಎಂದಾಗ ಸರ್ ನಕ್ಕು, ಖಾಲಿ ಜಾಗಕ್ಕೂ ಅಂಕವಿದೆ ಎಂದರು.

ಶಿಫಾರಸು ಪತ್ರದ್ದು ಬೇರೆಯೇ ಕಥೆ. ಸಹಜವಾಗಿ ಅವರನ್ನೇ ಕೇಳಿದೆ. ಅವರು ಹಿಂಜರಿದರು. "ನಾನು ಅತಿಥಿ. ಮುಂದಿನ ವರ್ಷ ಇಲ್ಲಿರುತ್ತೇನೋ ಇಲ್ಲವೋ. ಕಾಯಂ ಪ್ರಾಧ್ಯಾಪಕರ ಸಹಿ ಇದ್ದರೆ ತೂಕ ಹೆಚ್ಚು" ಎಂದರು. ಕಾಯಂ ಇದ್ದವರೊಬ್ಬರು ಕೇಳಿದ ಕೂಡಲೇ ಒಪ್ಪಿಕೊಂಡು ಮೂರು ಸಾಲಿನ ಪತ್ರ ಕೊಟ್ಟರು: ಈಕೆ ನನಗೆ ಗೊತ್ತು, ಗುಣನಡತೆ ಉತ್ತಮ, ಉಜ್ವಲ ಭವಿಷ್ಯ ಹಾರೈಸುತ್ತೇನೆ. ಪಾಸ್‌ಪೋರ್ಟಿಗೂ ಅದೇ ಪತ್ರ ನಡೆಯುತ್ತಿತ್ತು, ಬಾಡಿಗೆ ಮನೆಗೂ ನಡೆಯುತ್ತಿತ್ತು. ಎರಡು ದಿನ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಾಡಿ, ಮತ್ತೆ ಅತಿಥಿ ಉಪನ್ಯಾಸಕರ ಬಳಿಗೇ ಹೋದೆ. ಅವರು ಬರೆದ ಪತ್ರವನ್ನು ಬಹಳ ದಿನಗಳ ನಂತರ ತೋರಿಸಿದರು. ಟೈಟ್ರೇಷನ್‌ನಲ್ಲಿ ಮೂರು ಅಳತೆಗಳು ಹೊಂದದಿದ್ದಾಗ ಪಕ್ಕದವರದನ್ನು ನಕಲು ಮಾಡದೆ, ಊಟ ಬಿಟ್ಟು ಕುಳಿತು ದ್ರಾವಣವನ್ನು ಹೊಸದಾಗಿ ತಯಾರಿಸಿದ್ದಳು ಎಂದು ಒಂದು ಪ್ಯಾರಾ ಇತ್ತು. ನನಗೇ ಮರೆತುಹೋಗಿದ್ದ ಮಧ್ಯಾಹ್ನ ಅದು. ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ಮನುಷ್ಯ ಗಂಟೆ ಮುಗಿದ ಮೇಲೂ ನೋಡುತ್ತಾ ನಿಂತಿದ್ದರು.

ಅರ್ಜಿ ಸಲ್ಲಿಸಿದ್ದು ಕೊನೆಯ ದಿನದ ಹಿಂದಿನ ಸಂಜೆ, ಆಲ್ದೂರಿನ ಸೈಬರ್ ಅಂಗಡಿಯಲ್ಲಿ, ಉಗುರಿನ ಸಂದಿಯಲ್ಲಿ ಕಾಫಿ ಹಣ್ಣಿನ ಅಂಟು ಇರುವಾಗಲೇ. ಅಂಕಪಟ್ಟಿಯ ಚಿತ್ರ ದೊಡ್ಡದಾಯಿತೆಂದು ಎರಡು ಸಲ ತಿರಸ್ಕೃತವಾಯಿತು. ಮೂರನೆಯ ಸಲ ಹೋಯಿತು. ಅಂಗಡಿಯವರು ಮೂವತ್ತು ರೂಪಾಯಿ ತೆಗೆದುಕೊಂಡರು. ಆಮೇಲೆ ಅದನ್ನು ಮರೆತೆ. ಡಿಸೆಂಬರ್, ಜನವರಿಯಲ್ಲಿ ನಮಗೆ ಮರೆಯಲು ಬೇಕಾದಷ್ಟು ಕೆಲಸವಿರುತ್ತದೆ.

2023ರ ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದ್ದ ವಾರ ಇಮೇಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಎರಡು ತಿಂಗಳು. ಅಮ್ಮನಿಗೆ ಮೊದಲು ಹೊಳೆದದ್ದು ಎಲ್ಲಿ ಉಳಿದುಕೊಳ್ಳುತ್ತೀ ಎಂದು. ಅಪ್ಪನ ಪ್ರಶ್ನೆ ಬೇರೆ. "ಸಂಶೋಧನೆ ಎಂದರೆ ಬಾಳೆಹೊನ್ನೂರು ಪಕ್ಕದಲ್ಲೇ ಇದೆಯಲ್ಲ. ಬೆಂಗಳೂರೇ ಏಕೆ?" ಅವರ ಮಟ್ಟಿಗೆ ನ್ಯಾಯವಾದ ಪ್ರಶ್ನೆ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದಲೇ ನಮ್ಮ ತೋಟದ ಎಸ್ 795 ತಳಿ ಬಂದದ್ದು. ಅಪ್ಪ ಪೂರ್ತಿ ನಂಬುವ ಒಂದೇ ಸರ್ಕಾರಿ ಸಂಸ್ಥೆ ಅದು. ಬೆಂಗಳೂರಿನವರು ಹಣ ಕೊಟ್ಟು ಕರೆದಿದ್ದಾರೆ ಎಂದೆ. ಆ ಉತ್ತರ ಅವರಿಗೆ ಸಾಕಾಯಿತು, ಆದರೆ ಒಪ್ಪಿಗೆಯಾಗಲಿಲ್ಲ ಎಂದು ಮುಖ ಹೇಳುತ್ತಿತ್ತು.

ನಿಜವಾದ ಅಡ್ಡಿ ಎದುರಾದದ್ದು ಕಾಲೇಜಿನಲ್ಲಿ. ಬೇಸಿಗೆ ಫೆಲೋಶಿಪ್ ಎಂದರೆ ಬೇಸಿಗೆ ರಜೆ ಇರುವ ಕಾಲೇಜುಗಳ ಲೆಕ್ಕ. ಕೊರೊನಾ ನಂತರ ನಮ್ಮ ಸೆಮಿಸ್ಟರುಗಳು ಎಷ್ಟು ಹಿಂದೆ ಬಿದ್ದಿದ್ದವೆಂದರೆ ಮೇ, ಜೂನ್ ತಿಂಗಳುಗಳಲ್ಲಿ ನಮಗೆ ನಾಲ್ಕನೇ ಸೆಮಿಸ್ಟರಿನ ತರಗತಿಗಳು ಭರದಿಂದ ನಡೆಯುತ್ತಿದ್ದವು. ಹಾಜರಾತಿ ಶೇ 75 ಇರಲೇಬೇಕು. ಎರಡು ತಿಂಗಳು ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಆಯ್ಕೆ ಪತ್ರ ತೋರಿಸಿದೆ. ಇಂಥದ್ದಕ್ಕೆ ನಿಯಮವಿಲ್ಲ ಎಂದರು. ಕ್ರೀಡಾಕೂಟಕ್ಕೆ ಹೋದವರಿಗೆ ಹಾಜರಾತಿ ಕೊಡುತ್ತೀರಲ್ಲ ಎಂದು ಕೇಳಿದ್ದಕ್ಕೆ, ಅದು ಕ್ರೀಡೆ, ಇದು ರಸಾಯನಶಾಸ್ತ್ರ ಎಂಬ ಉತ್ತರ ಬಂತು. ಇವತ್ತಿಗೂ ಆ ಮಾತಿನ ಅರ್ಥ ಹುಡುಕುತ್ತಿದ್ದೇನೆ. ಮೂರು ವಾರ ಅಲೆದ ಮೇಲೆ ಒಂದು ಒಪ್ಪಂದವಾಯಿತು. ಹೋಗುವ ಮುನ್ನ ಏಪ್ರಿಲ್‌ನಲ್ಲಿ ಸಂಜೆಯ ಹೊತ್ತು ಬಾಕಿ ಪ್ರಯೋಗಗಳಲ್ಲಿ ಅರ್ಧವನ್ನು ಮುಗಿಸುವುದು, ಉಳಿದದ್ದನ್ನು ಬಂದ ಮೇಲೆ ಮಾಡುವುದು, ಹಾಜರಾತಿಗೆ ಪ್ರಾಂಶುಪಾಲರು ವಿಶೇಷ ಪತ್ರ ಬರೆಯುವುದು. ಸಂಜೆಯ ಪ್ರಯೋಗಗಳಿಗೆ ಬೀಗ ತೆಗೆದು ನಿಂತವರು ಮತ್ತದೇ ಅತಿಥಿ ಉಪನ್ಯಾಸಕರು.

ಹಣದ್ದೂ ಒಂದು ಮಾತು. ಫೆಲೋಶಿಪ್ ಎಂದರೆ ಹೋದ ದಿನವೇ ಕೈಗೆ ನೋಟು ಸಿಗುವುದಿಲ್ಲ. ಪಿ.ಜಿ.ಗೆ ಮುಂಗಡ, ಮೊದಲ ತಿಂಗಳ ಬಾಡಿಗೆ, ಊಟ ಎಲ್ಲವೂ ಮೊದಲು ನಮ್ಮದೇ. ಅದಕ್ಕೆಂದು ಅಪ್ಪ ಮೂವತ್ತು ಕೆಜಿ ಮೆಣಸು ಮಾರಿದರು. ಬೆಲೆ ಏರಲಿ ಎಂದು ಎರಡು ವರ್ಷದಿಂದ ಅಟ್ಟದ ಮೇಲೆ ಕಾಯ್ದಿಟ್ಟಿದ್ದ ಮೆಣಸು. ಅಟ್ಟದಲ್ಲಿ ಮೆಣಸಿಲ್ಲದ ಮನೆಯ ಹುಡುಗಿ ಏನು ಮಾಡಬೇಕು? ಇದನ್ನು ಯೋಜನೆ ರೂಪಿಸುವವರು ಯಾರಾದರೂ ಕೇಳಿಕೊಂಡರೆ ಒಳ್ಳೆಯದಿತ್ತು.

ಚಿಕ್ಕಮಗಳೂರಿನಿಂದ ಯಶವಂತಪುರಕ್ಕೆ ರೈಲು. ನಿಲ್ದಾಣದಿಂದ ಸಂಸ್ಥೆಯ ಗೇಟು ಹತ್ತಿರವೇ. ಅಲ್ಲಿಂದ ಹತ್ತಿದ ಬಸ್ಸಿನ ಕಂಡಕ್ಟರು "ಟಾಟಾ ಇನ್‌ಸ್ಟಿಟ್ಯೂಟ್" ಎಂದು ಕೂಗಿದಾಗ ನಾನು ಇಳಿಯಲಿಲ್ಲ, ನಾನು ಹೋಗಬೇಕಾದದ್ದು ವಿಜ್ಞಾನ ಸಂಸ್ಥೆಗೆ ಎಂದುಕೊಂಡು ಕುಳಿತೇ ಇದ್ದೆ. ಮುಂದಿನ ನಿಲ್ದಾಣದಲ್ಲಿ ಇಳಿದು ಟ್ರಂಕು ಹೊತ್ತು ಹಿಂದಕ್ಕೆ ನಡೆದೆ. ಜೆ.ಎನ್. ಟಾಟಾ ಅವರ ಕನಸಿನಿಂದ 1909ರಲ್ಲಿ ಹುಟ್ಟಿದ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇನ್ನೂ ಅದೇ ಹೆಸರಿನಿಂದ ಕರೆಯುತ್ತಾರೆಂದು ಮತ್ತಿಕೆರೆಯ ಪಿ.ಜಿ.ಯ ಆಂಟಿ ಹೇಳಿದರು.

ಕಾಲೇಜಿನಲ್ಲಿ ನಮಗೆ ಮೂವತ್ತು ಮಂದಿಗೆ, ದ್ರಾವಣದ ಬಣ್ಣ ಎಷ್ಟು ಗಾಢವೆಂದು ಅಳೆಯುವ ಒಂದು ಕಲರಿಮೀಟರ್ ಇತ್ತು. ನನ್ನ ಸರದಿ ಬರುವಷ್ಟರಲ್ಲಿ ಅದು ಬಿಸಿಯಾಗಿ ಮುಳ್ಳು ತೂಗಾಡುತ್ತಿತ್ತು. ಇಲ್ಲಿ ಅದೇ ಕೆಲಸವನ್ನು ಇನ್ನೂ ನಿಖರವಾಗಿ ಮಾಡುವ ಯುವಿ ಸ್ಪೆಕ್ಟ್ರೊಮೀಟರ್ ಮುಂದೆ ನನ್ನೊಬ್ಬಳನ್ನೇ ಕೂರಿಸಿ, ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಅರ್ಧ ಗಂಟೆ ಹೇಳಿಕೊಟ್ಟು ಹೊರಟುಹೋದರು. ಮೊದಲ ವಾರ ಮುಟ್ಟಲೇ ಹೆದರಿದೆ. ಆ ಗುಂಪಿನವರು ರಂಧ್ರಯುಕ್ತ ಇಂಗಾಲದ ಪುಡಿಗಳನ್ನು ತಯಾರಿಸುತ್ತಿದ್ದರು. ಅವು ನೀರಿನಿಂದ ಬಣ್ಣವನ್ನು ಎಷ್ಟು ಹಿಡಿಯುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಕಾಫಿ ನೀರಲ್ಲ. ಅದರಲ್ಲಿ ನೂರೆಂಟು ಸಂಯುಕ್ತಗಳಿರುತ್ತವೆ, ಮೊದಲು ಒಂದೇ ಒಂದು ಬಣ್ಣದಿಂದ ಶುರುಮಾಡು ಎಂದು ಮಾರ್ಗದರ್ಶಕರು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕೊಟ್ಟರು. 664 ನ್ಯಾನೊಮೀಟರಿನಲ್ಲಿ ಅದು ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. ಆ ಅಂಕಿ ಈಗಲೂ ನನ್ನ ಮೊಬೈಲಿನ ಗುಪ್ತಸಂಖ್ಯೆಯ ಭಾಗ.

ಬಿಯರ್–ಲ್ಯಾಂಬರ್ಟ್ ನಿಯಮದ ಪ್ರಕಾರ ಸಾಂದ್ರತೆ ಹೆಚ್ಚಿದಂತೆ ಹೀರಿಕೆ ನೇರ ಗೆರೆಯಲ್ಲಿ ಏರಬೇಕು. ನನ್ನ ಗೆರೆ ಅರ್ಧಕ್ಕೆ ಬಂದು ಸುಸ್ತಾಗಿ ಬಾಗುತ್ತಿತ್ತು. ಮೂರು ದಿನ ದ್ರಾವಣಗಳನ್ನು ಮತ್ತೆ ಮತ್ತೆ ಮಾಡಿದೆ. ದ್ರಾವಣ ತೀರಾ ಗಾಢವಾದರೆ ಈ ಬಣ್ಣದ ಅಣುಗಳು ಜೋಡಿಯಾಗಿ ಅಂಟಿಕೊಳ್ಳುತ್ತವೆ, ಉಪಕರಣಕ್ಕೂ ಅಷ್ಟು ಕತ್ತಲೆ ಅಳೆಯಲಾಗದು, ತೆಳು ಮಾಡಿ ಅಳೆಯಬೇಕು ಎಂಬುದು ಆಮೇಲೆ ತಿಳಿಯಿತು. ಪರೀಕ್ಷೆಯಲ್ಲಿ ನಿಯಮದ ಮಿತಿಗಳು ಎಂದು ಎರಡು ಅಂಕಕ್ಕೆ ನಾನೇ ಬರೆದಿದ್ದ ಉತ್ತರ ಅದು.

ನಾಲ್ಕನೇ ವಾರದ ಕೊನೆಗೆ ಅದ್ಭುತ ಫಲಿತಾಂಶ ಬಂತು. ಹತ್ತು ಮಿಲಿಗ್ರಾಂ ಇಂಗಾಲ ಹಾಕಿ, ಕಲಕಿ, ಸೋಸಿ ನೋಡಿದರೆ ದ್ರಾವಣದಲ್ಲಿ ಬಣ್ಣವೇ ಇಲ್ಲ. ಶೇ 98 ಹೋಗಿದೆ. ಇನ್ನೊಂದು ಪುಡಿ, ಅದರಲ್ಲೂ ಶೇ 97. ಗುಂಪಿನವರೇ ಕಳಪೆ ಎಂದು ಬದಿಗಿಟ್ಟಿದ್ದ ಮೂರನೆಯ ಪುಡಿಯಲ್ಲೂ ಶೇ 96. ಅಂದು ರಾತ್ರಿ ಮನೆಗೆ ಫೋನ್ ಮಾಡಿ ನಮ್ಮ ಗುಂಡಿ ಪಾಸಾಗುತ್ತದೆ ಎಂದು ಅಪ್ಪನಿಗೆ ಹೇಳಿಯೂಬಿಟ್ಟೆ. ಸೋಮವಾರದ ಸಭೆಯಲ್ಲಿ ನಕ್ಷೆ ತೋರಿಸಿದಾಗ ಮಾರ್ಗದರ್ಶಕರು ಹೊಗಳಲಿಲ್ಲ, ಬೈಯಲೂ ಇಲ್ಲ. "ಇಂಗಾಲ ಹಾಕದೆ, ಬರೀ ನೀಲಿ ದ್ರಾವಣವನ್ನು ಇದೇ ಕಾಗದದಲ್ಲಿ ಸೋಸಿ ನೋಡಿದ್ದೀಯಾ?" ಎಂದು ಮಾತ್ರ ಕೇಳಿದರು.

ನೋಡಿರಲಿಲ್ಲ. ಸಭೆ ಮುಗಿದ ಕೂಡಲೇ ಓಡಿ ಹೋಗಿ ಸೋಸಿದೆ. ತೆಳು ನೀಲಿ ದ್ರಾವಣ ಮೇಲಿನಿಂದ ಹೋಗಿ ಕೆಳಗೆ ಬಹುಪಾಲು ನೀರಾಗಿ ಇಳಿಯಿತು. ಕಾಗದ ನೀಲಿಯಾಗಿತ್ತು. ಮೆಥಿಲೀನ್ ಬ್ಲೂ ಧನ ಆವೇಶದ ಬಣ್ಣ, ಸೆಲ್ಯುಲೋಸಿನ ಮೇಲ್ಮೈಯಲ್ಲಿ ಅಷ್ಟಿಷ್ಟು ಋಣ ಆವೇಶ; ಎರಡೂ ಕಂಡ ಕೂಡಲೇ ಅಪ್ಪಿಕೊಳ್ಳುತ್ತವೆ. ನಾನು ಎರಡು ವಾರ ಅಳೆದದ್ದು ಇಂಗಾಲವನ್ನಲ್ಲ, ಸೋಸು ಕಾಗದವನ್ನು. ಒಳ್ಳೆಯ ಪುಡಿಯೂ ಕೆಟ್ಟ ಪುಡಿಯೂ ಒಂದೇ ಅಂಕ ಪಡೆದಾಗಲೇ ನನಗೆ ಅನುಮಾನ ಬರಬೇಕಿತ್ತು. ಶೌಚಾಲಯದಲ್ಲಿ ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದು ಬಂದೆ. ಆ ಸಂಶೋಧನಾ ವಿದ್ಯಾರ್ಥಿನಿ ಏನೂ ಕೇಳದೆ ಸೆಂಟ್ರಿಫ್ಯೂಜ್ ತೋರಿಸಿ, ಇನ್ನು ಸೋಸುವುದು ಬೇಡ, ಗಿರ್ರನೆ ತಿರುಗಿಸಿ ಪುಡಿಯನ್ನು ತಳಕ್ಕೆ ಇಳಿಸಿ ಮೇಲಿನ ನೀರನ್ನು ಅಳೆ ಎಂದರು. ಅವರ ಮೊದಲ ವರ್ಷದಲ್ಲಿ ಅವರೂ ಯಾವುದೋ ಕಾಗದವನ್ನು ಆರು ತಿಂಗಳು ಅಳೆದಿದ್ದರಂತೆ. ನನ್ನನ್ನು ಸಮಾಧಾನಪಡಿಸಲು ಹೇಳಿದ ಸುಳ್ಳಾಗಿದ್ದರೂ ಇರಬಹುದು.

ಉಳಿದ ವಾರಗಳಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿದೆ. ಪ್ರತಿ ಸಾಲಿನ ಜೊತೆಗೆ ಇಂಗಾಲವಿಲ್ಲದ ಒಂದು ಬ್ಲಾಂಕ್ ಕೊಳವೆ. ಬಂದ ಅಂಕಿಗಳು ಸಾಧಾರಣ: ಒಂದು ಪುಡಿ ಶೇ 61, ಇನ್ನೊಂದು ಶೇ 44, ಬದಿಗಿಟ್ಟಿದ್ದ ಬಡಪಾಯಿ ಶೇ 12. ಲ್ಯಾಂಗ್‌ಮ್ಯುರ್ ನಕ್ಷೆ ಈ ಬಾರಿ ನೇರವಾಗಿ ಬಂತು. ವರದಿಯಲ್ಲಿ ಕಾಗದದ ಕಥೆಗೂ ಒಂದು ಪುಟ ಇಡು ಎಂದು ಮಾರ್ಗದರ್ಶಕರು ಒತ್ತಾಯಿಸಿದರು. ನಾನು ಅದನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದೆ. ವರದಿ ಸಲ್ಲಿಸಿ, ಅವರ ಸಹಿ ಪಡೆದೆ. ಫೆಲೋಶಿಪ್ ಹಣ ಈ ಬಾರಿ ಸರಿಯಾದ ಖಾತೆಗೇ ಬಂತು, ಏಕೆಂದರೆ ಅರ್ಜಿ ಹಾಕುವ ಮೊದಲೇ ನಾನು ಬ್ಯಾಂಕಿಗೆ ಎರಡು ಸಲ ಹೋಗಿ ಪಾಸ್‌ಬುಕ್ಕನ್ನು ಅಕ್ಷರ ಅಕ್ಷರ ಹೋಲಿಸಿದ್ದೆ. ಮೆಣಸಿನ ಹಣವನ್ನು ಅಪ್ಪನಿಗೆ ಕೊಡಲು ಹೋದರೆ, ಮೆಣಸೇ ಬೇಕು ಎಂದರು.

ಜುಲೈನಲ್ಲಿ ಊರಿಗೆ ಬಂದಾಗ ಮಳೆ ಹಿಡಿದಿತ್ತು. ಬಾಕಿ ಪ್ರಯೋಗಗಳು, ಪರೀಕ್ಷೆ, ಮತ್ತೆ ನವೆಂಬರ್. ಅಷ್ಟರಲ್ಲಿ ಅತಿಥಿ ಉಪನ್ಯಾಸಕರಿಗೆ ಬೇರೆ ಊರಿನ ಕಾಲೇಜು ಸಿಕ್ಕಿತ್ತು. ಹೋಗುವ ಮುನ್ನ ಅವರು ಮೊದಲ ವರ್ಷದ ಹುಡುಗಿಯೊಬ್ಬಳಿಗೆ ನನ್ನ ಸಂಖ್ಯೆ ಕೊಟ್ಟಿದ್ದರು. ಮೂಡಿಗೆರೆ ಕಡೆಯವಳು. ಜಕ್ಕೂರಿನ ಮೂರು ಬೇಸಿಗೆಯ ಕಾರ್ಯಕ್ರಮಕ್ಕೆ ಅವಳಿಗಿನ್ನೂ ಸಮಯವಿತ್ತು. ತನ್ನ ಕರಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಳು. ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ ಎಂದು ಶುರುವಾಗಿತ್ತು. ನಿಮ್ಮ ಮನೆಯ ಹಿತ್ತಲಲ್ಲಿ ಏನಿದೆ ಎಂದು ಕೇಳಿ ಉತ್ತರ ಬರೆದೆ. ಒಂದು ದಿನ ಮೌನ. ಆಮೇಲೆ, ಅಡಿಕೆ ಬೇಯಿಸುವ ಹಂಡೆ ಇದೆ ಅಕ್ಕ, ಅದರ ಚೊಗರು ಕೈಗೆ ಹತ್ತಿದರೆ ವಾರವಾದರೂ ಹೋಗುವುದಿಲ್ಲ, ಅದೂ ಆಗುತ್ತದೆಯೇ ಎಂದು ಕೇಳಿದಳು.

ಆ ಡಿಸೆಂಬರಿನಲ್ಲಿ ನಮ್ಮ ಪಲ್ಪರ್ ಓಡಿದ ಮೂರನೆಯ ದಿನ ಗುಂಡಿಯಿಂದ ಒಂದು ಬಕೆಟ್ ನೀರು ತೆಗೆದೆ. ಕಾಫಿ ಹೊಟ್ಟನ್ನು ಹಳೆಯ ಡಬ್ಬಿಯಲ್ಲಿ ಮುಚ್ಚಿ ಸುಟ್ಟು ಮಾಡಿದ ಇದ್ದಿಲಿನ ಪುಡಿ ಹಾಕಿ, ಒಂದು ಗಂಟೆ ಬಿಟ್ಟು, ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸೋಸಿದೆ. ಕೆಳಗೆ ಇಳಿದ ನೀರು ಮೊದಲಿನದಕ್ಕಿಂತ ಎಷ್ಟೋ ತಿಳಿಯಾಗಿತ್ತು. ಅಪ್ಪ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿ, "ಪಾಸಾಯಿತಲ್ಲ!" ಎಂದರು. ಸ್ವಲ್ಪ ಇರಿ ಎಂದು ಒಳಗೆ ಹೋಗಿ ಅದೇ ಸೀರೆಯಿಂದ ಇನ್ನೊಂದು ತುಂಡು ಹರಿದು ತಂದೆ. ಇದ್ದಿಲು ಹಾಕದ ಗುಂಡಿಯ ನೀರನ್ನು ನಿಧಾನವಾಗಿ ಅದರ ಮೇಲೆ ಸುರಿಯತೊಡಗಿದೆ. ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಕೆಳಗಿನ ಲೋಟ ಇನ್ನೂ ತುಂಬಿರಲಿಲ್ಲ.